ಪ್ಯಾಕೇಜು ಕಟ್ಟುವ ಸ್ಕ್ರಿಪ್ಟು ಒಂದು ಹೇಳುತ್ತದೆ, ದಾಖಲೆ ಇನ್ನೊಂದು ಹೇಳುತ್ತದೆ: ಎರಡನ್ನೂ ಹೊಂದಿಸಿ ಇಟ್ಟುಕೊಳ್ಳುವುದು ಹೇಗೆ?

ಪ್ರಶ್ನೆ: ನಾಪೋಕ್ಲು ಬಳಗ

ಎಲ್ಲರಿಗೂ ನಮಸ್ಕಾರ.

ಕೊಡಗಿನ ಕೆಲವು ಶಾಲೆಗಳ ಕಂಪ್ಯೂಟರ್ ಕೊಠಡಿಗಳಿಗೂ ಆಸಕ್ತ ಕಾಫಿ ಬೆಳೆಗಾರರಿಗೂ ಬೇಕಾಗುವ ತಂತ್ರಾಂಶಗಳನ್ನು ಡೆಬಿಯನ್ ಪ್ಯಾಕೇಜುಗಳಾಗಿ (ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ನೇರವಾಗಿ ಹಾಕಿಕೊಳ್ಳಬಹುದಾದ ಕಟ್ಟುಗಳಾಗಿ) ಕಟ್ಟಿಕೊಡುವ ಸಣ್ಣ ಬಳಗವೊಂದರಲ್ಲಿ ನಾನಿದ್ದೇನೆ. ಆ ಪ್ಯಾಕೇಜುಗಳನ್ನು ಇಟ್ಟು ಹಂಚುವ ನಮ್ಮ ರೆಪೊಸಿಟರಿಯಲ್ಲಿ ಕನ್ನಡ ಫಾಂಟುಗಳ ಒಂದು ಕಟ್ಟು, ಕೀಲಿಮಣೆಯ ಸೆಟ್ಟಿಂಗುಗಳು, ಕೊಡವ–ಕನ್ನಡ ಪದಪಟ್ಟಿಯಲ್ಲಿ ಹುಡುಕುವ ಒಂದು ಸಾಧನ, ಮತ್ತು ತೋಟಗಳಲ್ಲಿ ದಿನವೂ ಅಳೆಯುವ ಮಳೆಯನ್ನು ಇಂಚು–ಸೆಂಟುಗಳಲ್ಲಿ (ನೂರು ಸೆಂಟು ಅಂದರೆ ಒಂದು ಇಂಚು) ಬರೆದಿಟ್ಟು ಹಿಂದಿನ ವರ್ಷಗಳ ಮಳೆಯೊಂದಿಗೆ ಹೋಲಿಸಿ ತೋರಿಸುವ ಒಂದು ಪ್ರೋಗ್ರಾಂ ಇವೆ. ಕೊನೆಯದನ್ನು ಸಿ ಭಾಷೆಯಲ್ಲಿ ಬರೆಯಲಾಗಿದೆ. ಅದರ ಮೇಲಿನ ಕಿಟಕಿ, ಮೆನುಗಳ ಭಾಗ ಪೈಥಾನ್‌ನಲ್ಲಿದೆ.

ಇವನ್ನು ಮೊದಲು ಕಟ್ಟಿದವರು ಉದ್ಯೋಗದ ನಿಮಿತ್ತ ಜಿಲ್ಲೆಯಿಂದ ಹೊರಗೆ ಹೋಗಿದ್ದಾರೆ. ಹೊಣೆ ಈಗ ನಮ್ಮದು. ಎಲ್ಲ ಪ್ಯಾಕೇಜುಗಳನ್ನೂ ಒಂದೇ ಏಟಿಗೆ ಕಟ್ಟಿ ರೆಪೊಸಿಟರಿಗೆ ಏರಿಸುವ ಉದ್ದನೆಯ ಶೆಲ್ ಸ್ಕ್ರಿಪ್ಟನ್ನೂ (ಆಜ್ಞೆಗಳ ಸರಣಿಯನ್ನೂ), ಆ ಕೆಲಸವನ್ನು ಹಂತಹಂತವಾಗಿ ವಿವರಿಸುವ ವಿಕಿ ಪುಟವನ್ನೂ ಅವರು ಶ್ರದ್ಧೆಯಿಂದ ಬಿಟ್ಟುಹೋಗಿದ್ದಾರೆ. ಆದರೆ ಕಾಲ ಕಳೆದಂತೆ ಇವೆರಡೂ ಬೇರೆ ಬೇರೆ ದಾರಿ ಹಿಡಿದಿವೆ. ವಿಕಿ ಪುಟದಲ್ಲಿ ಹೇಳಿರುವ ಲೈಬ್ರರಿಗಳನ್ನಷ್ಟೇ (ಪ್ರೋಗ್ರಾಂ ಆಸರೆಯಾಗಿ ಬಳಸುವ ಸಿದ್ಧ ಕೋಡಿನ ಕಟ್ಟುಗಳನ್ನಷ್ಟೇ) ಹಾಕಿಕೊಂಡರೆ ಮಳೆ ಲೆಕ್ಕದ ಪ್ರೋಗ್ರಾಂ ಕಂಪೈಲ್ ಆಗುವುದಿಲ್ಲ, ಅಂದರೆ ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಾಗುವುದಿಲ್ಲ. ಕಡತಗಳು ಯುಎಸ್‌ಆರ್ ಲೋಕಲ್ ಎಂಬ ಫೋಲ್ಡರಿನ ಅಡಿಯಲ್ಲಿ ಕೂರುತ್ತವೆ ಎಂದು ವಿಕಿ ಹೇಳಿದರೆ, ಸ್ಕ್ರಿಪ್ಟು ಅವನ್ನು ನೇರವಾಗಿ ಯುಎಸ್‌ಆರ್ ಅಡಿಯಲ್ಲಿ ಇಡುತ್ತದೆ. ಸ್ಕ್ರಿಪ್ಟಿನ ಒಂದು ಸಾಲು ಕಂಪೈಲರಿನ ಆಪ್ಟಿಮೈಸೇಶನ್ ಮಟ್ಟವನ್ನು (ಪ್ರೋಗ್ರಾಂ ವೇಗವಾಗಿ ಓಡುವಂತೆ ಕೋಡನ್ನು ಎಷ್ಟು ಹದಗೊಳಿಸಬೇಕು ಎಂಬುದನ್ನು) ಎರಡರಿಂದ ಸೊನ್ನೆಗೆ ಇಳಿಸುತ್ತದೆ. ಏಕೆಂಬುದು ಎರಡರಲ್ಲೂ ಬರೆದಿಲ್ಲ. ಅದನ್ನು ತೆಗೆಯಲು ನಮಗೆ ಧೈರ್ಯವಿಲ್ಲ, ಹಾಗೆಯೇ ಬಿಡಲು ಮನಸ್ಸೂ ಇಲ್ಲ.

ಇನ್ನೊಂದು ತೊಡಕು ನಮ್ಮ ಹವಾಮಾನದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮರ ಬಿದ್ದು ಕರೆಂಟು ಹೋಗುವುದು, ಅದರ ಹಿಂದೆಯೇ ಇಂಟರ್ನೆಟ್ ಹೋಗುವುದು ಸಾಮಾನ್ಯ. ಸ್ಕ್ರಿಪ್ಟು ಮಾತ್ರ ಕಟ್ಟುವ ಕೆಲಸದ ನಡುವೆ ಎರಡು ಕಡೆ ನೆಟ್‌ನಿಂದ ಕಡತಗಳನ್ನು ಇಳಿಸಿಕೊಳ್ಳುತ್ತದೆ. ಸಂಪರ್ಕ ಮಧ್ಯದಲ್ಲಿ ಕಡಿದರೂ ಅದು ನಿಲ್ಲದೆ ಮುಂದುವರಿದು, ಅರ್ಧ ಇಳಿದ ಕಡತವನ್ನೇ ಪ್ಯಾಕೇಜಿನೊಳಗೆ ಸೇರಿಸಿಬಿಡುತ್ತದೆ.

ನಮ್ಮ ಕಂಪ್ಯೂಟರುಗಳಲ್ಲಿ ಡೆಬಿಯನ್ 12 ಇದೆ. 13ನೆಯ ಆವೃತ್ತಿ 2025ರ ಆಗಸ್ಟಿನಲ್ಲಿ ಬಿಡುಗಡೆಯಾಗಿರುವುದರಿಂದ ಅದಕ್ಕೆ ಹೋಗುವ ಮೊದಲೇ ಈ ಗೊಂದಲವನ್ನು ಬಗೆಹರಿಸಿಕೊಳ್ಳಬೇಕೆಂದಿದ್ದೇವೆ. ಸ್ಕ್ರಿಪ್ಟನ್ನು ತಿದ್ದಿದಾಗಲೆಲ್ಲ ವಿಕಿಯನ್ನೂ ತಿದ್ದಬೇಕೆಂದು ನಿಯಮ ಮಾಡಿಕೊಂಡರೆ ಸಾಕೇ, ಅಥವಾ ವ್ಯವಸ್ಥೆಯನ್ನೇ ಬದಲಿಸಬೇಕೇ? ಈ ಕೆಲಸದಲ್ಲಿ ಅನುಭವ ಇರುವವರು ದಯವಿಟ್ಟು ವಿವರವಾಗಿ ತಿಳಿಸಿಕೊಡಬೇಕು.

ಉತ್ತರ: ಪ್ಯಾಕೇಜು ನಿರ್ವಾಹಕಿ, ಮಡಿಕೇರಿ

ನಮಸ್ಕಾರ. ಎರಡನ್ನೂ ತಿದ್ದಬೇಕೆಂಬ ನಿಯಮ ನಿಲ್ಲುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಕ್ರಿಪ್ಟು ತಪ್ಪಾಗಿದ್ದರೆ ಪ್ಯಾಕೇಜು ಕಟ್ಟಿಬರುವುದಿಲ್ಲ, ಆದ್ದರಿಂದ ಅದನ್ನು ಯಾರಾದರೂ ಅಂದೇ ತಿದ್ದುತ್ತಾರೆ. ವಿಕಿ ಪುಟ ತಪ್ಪಾಗಿದ್ದರೆ ಅದು ಗೊತ್ತಾಗುವುದು ಹೊಸಬರೊಬ್ಬರು ಅದನ್ನು ನಂಬಿ ಕುಳಿತಾಗ ಮಾತ್ರ. ಇದು ಯಾರ ಆಲಸ್ಯವೂ ಅಲ್ಲ. ಯಂತ್ರ ಪರೀಕ್ಷಿಸುವ ಬರಹ ಸರಿಯಾಗಿ ಉಳಿಯುತ್ತದೆ, ಯಂತ್ರ ನೋಡದ ಬರಹ ಹಳಸುತ್ತದೆ. ಆದ್ದರಿಂದ ದಾಖಲೆಯಲ್ಲಿರುವ ಯಾವ ಯಾವ ಸಂಗತಿಯನ್ನು ಯಂತ್ರವೇ ಓದುವಂಥ ಕಡತಕ್ಕೆ ಸಾಗಿಸಬಹುದು ಎಂದು ಹುಡುಕುವುದೇ ನಿಮ್ಮ ಮುಂದಿರುವ ನಿಜವಾದ ಕೆಲಸ. ಸಾಗಿಸಿದ್ದನ್ನು ವಿಕಿಯಿಂದ ಅಳಿಸಿಹಾಕಿ. ಎರಡು ಕಡೆ ಇಟ್ಟುಕೊಳ್ಳಬೇಡಿ.

ಆ ಒಂದೇ ಉದ್ದನೆಯ ಶೆಲ್ ಸ್ಕ್ರಿಪ್ಟನ್ನು ಒಡೆದು ಪ್ರತಿ ಪ್ಯಾಕೇಜಿಗೂ ಅದರದೇ ಆದ ಡೆಬಿಯನ್ ಫೋಲ್ಡರನ್ನು ಮಾಡಿ. ಅದರೊಳಗಿನ ರೂಲ್ಸ್ ಕಡತ ಒಂದು ಮೇಕ್‌ಫೈಲ್, ಅಂದರೆ ಕಟ್ಟುವ ಹಂತಗಳನ್ನು ಗುರಿಗಳಾಗಿ ಬರೆದಿಡುವ ಕಡತ. ಪ್ಯಾಕೇಜು ಕಟ್ಟಲು ನೆರವಾಗುವ ಡೆಬ್‌ಹೆಲ್ಪರ್ ಸಾಧನ ಬಳಸಿದರೆ ಸಾಧಾರಣ ಪ್ಯಾಕೇಜಿಗೆ ಅದರಲ್ಲಿ ಮೂರು ಸಾಲು ಸಾಕು. ಕಾನ್ಫಿಗರ್ ಮಾಡುವುದು, ಕಂಪೈಲ್ ಮಾಡುವುದು, ಪರೀಕ್ಷೆಗಳನ್ನು ಓಡಿಸುವುದು, ತಾತ್ಕಾಲಿಕ ಫೋಲ್ಡರಿಗೆ ಇನ್‌ಸ್ಟಾಲ್ ಮಾಡುವುದು ಎಲ್ಲವನ್ನೂ ಅದರ ಡಿಎಚ್ ಎಂಬ ಆಜ್ಞೆ ತಾನೇ ಕ್ರಮವಾಗಿ ನಡೆಸುತ್ತದೆ. ಎಲ್ಲಿ ನಿಮ್ಮ ಪ್ಯಾಕೇಜು ವಾಡಿಕೆಯ ದಾರಿಯನ್ನು ಬಿಡುತ್ತದೆಯೋ ಅಲ್ಲಿ ಮಾತ್ರ ಓವರ್‌ರೈಡ್ ಎಂದು ಆರಂಭವಾಗುವ ಒಂದು ಗುರಿಯನ್ನು ಬರೆಯುತ್ತೀರಿ. ಇದರ ದೊಡ್ಡ ಲಾಭ ಓದುವವರಿಗೆ: ಕಡತವನ್ನು ತೆರೆದರೆ ಕಣ್ಣಿಗೆ ಬೀಳುವುದು ವಿಶೇಷ ಸಂಗತಿಗಳು ಮಾತ್ರ. ನೂರಾರು ಸಾಲಿನ ಶೆಲ್ ಸ್ಕ್ರಿಪ್ಟಿನಲ್ಲಿ ಆಪ್ಟಿಮೈಸೇಶನ್ ಇಳಿಸುವ ಸಾಲು ಗುಂಪಿನಲ್ಲಿ ಕಳೆದುಹೋಗುತ್ತದೆ; ಹತ್ತು ಸಾಲಿನ ರೂಲ್ಸ್ ಕಡತದಲ್ಲಿ ಅದು ಎದ್ದು ಕಾಣುತ್ತದೆ, ಏಕೆ ಎಂದು ಕೇಳಿಸಿಕೊಳ್ಳುತ್ತದೆ.

ಲೈಬ್ರರಿಗಳ ಪಟ್ಟಿ ಇರಬೇಕಾದದ್ದು ಅದೇ ಫೋಲ್ಡರಿನ ಕಂಟ್ರೋಲ್ ಕಡತದ ಬಿಲ್ಡ್-ಡಿಪೆಂಡ್ಸ್ ಎಂಬ ಭಾಗದಲ್ಲಿ. ಆದರೆ ಅಲ್ಲಿ ಬರೆದರಷ್ಟೇ ಸಾಲದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ವರ್ಷಗಳಿಂದ ಹಾಕಿಕೊಂಡ ನೂರೆಂಟು ಲೈಬ್ರರಿಗಳು ಈಗಾಗಲೇ ಇರುತ್ತವೆ. ಪಟ್ಟಿಯಿಂದ ಒಂದು ಬಿಟ್ಟುಹೋದರೂ ಅಲ್ಲಿ ಪ್ಯಾಕೇಜು ಸಲೀಸಾಗಿ ಕಟ್ಟಿಬರುತ್ತದೆ. ನಿಮ್ಮ ವಿಕಿ ಪುಟದ ಪಟ್ಟಿ ಅಪೂರ್ಣವಾಗಿ ಉಳಿದದ್ದೂ ಬಹುಶಃ ಹೀಗೆಯೇ. ಪಿಬಿಲ್ಡರ್ ಅಥವಾ ಎಸ್‌ಬಿಲ್ಡ್ ಬಳಸಿದರೆ ಪ್ರತಿ ಸಲವೂ ಬರಿಯ ಮೂಲ ವ್ಯವಸ್ಥೆಯೊಂದನ್ನು ಹೊಸದಾಗಿ ತೆರೆದು, ಪಟ್ಟಿಯಲ್ಲಿ ಇರುವುದನ್ನಷ್ಟೇ ಅದರೊಳಗೆ ಹಾಕಿ, ಅಲ್ಲಿ ಪ್ಯಾಕೇಜು ಕಟ್ಟಿ, ಮುಗಿದ ಮೇಲೆ ಆ ವ್ಯವಸ್ಥೆಯನ್ನು ಅಳಿಸುತ್ತವೆ. ಪಟ್ಟಿ ಅಪೂರ್ಣವಾಗಿದ್ದರೆ ಅದೇ ಕ್ಷಣ ತಿಳಿಯುತ್ತದೆ. ಈ ಪತ್ರದಿಂದ ಒಂದೇ ಒಂದು ಸಲಹೆಯನ್ನು ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಈಗ ನೆಟ್‌ನ ವಿಷಯ. ಡೆಬಿಯನ್ ಪಾಲಿಸಿ ತನ್ನ ಮುಖ್ಯ ಸಂಗ್ರಹದ ಪ್ಯಾಕೇಜುಗಳು ಕಟ್ಟುವ ಹೊತ್ತಿನಲ್ಲಿ ನೆಟ್‌ವರ್ಕ್ ಮುಟ್ಟುವುದನ್ನು ನಿಷೇಧಿಸಿದೆ. ಬೇರೆ ಕಡೆಯವರಿಗೆ ಇದು ಶಿಸ್ತಿನ ಮಾತಾಗಿ ಕೇಳಿಸಬಹುದು, ಆಟಿ ತಿಂಗಳ ಮಳೆಯಲ್ಲಿ ಕೆಲಸ ಮಾಡುವ ನಮಗೆ ಇದು ನಿತ್ಯದ ಅಗತ್ಯ. ಮೂಲ ಕಡತಗಳನ್ನೆಲ್ಲ ಮೊದಲೇ ಇಳಿಸಿ ಸೋರ್ಸ್ ಪ್ಯಾಕೇಜಿನೊಳಗೆ (ಮೂಲ ಕೋಡಿನ ಕಟ್ಟಿನೊಳಗೆ) ಸೇರಿಸಿಡಿ; ಕಟ್ಟುವಾಗ ನೆಟ್ ಇಲ್ಲದಿದ್ದರೂ ಕೆಲಸ ನಡೆಯಬೇಕು. ಪಿಬಿಲ್ಡರ್‌ಗೆ ಬೇಕಾಗುವ ಡೆಬಿಯನ್ ಲೈಬ್ರರಿಗಳಿಗಾಗಿ ಆಪ್ಟ್-ಕ್ಯಾಷರ್-ಎನ್‌ಜಿ ಎಂಬ ಸೇವೆಯನ್ನು ಒಂದು ಕಂಪ್ಯೂಟರಿನಲ್ಲಿ ಓಡಿಸಿ. ಒಮ್ಮೆ ಇಳಿದ ಪ್ಯಾಕೇಜು ಅದರಲ್ಲಿ ಉಳಿಯುತ್ತದೆ, ಶಾಲೆಯ ಉಳಿದ ಕಂಪ್ಯೂಟರುಗಳಿಗೂ ಅಲ್ಲಿಂದಲೇ ಸಿಗುತ್ತದೆ. ಎಲ್ಲಾದರೂ ಶೆಲ್ ಸ್ಕ್ರಿಪ್ಟು ಉಳಿಸಿಕೊಳ್ಳುವುದಿದ್ದರೆ, ಒಂದು ಆಜ್ಞೆ ಸೋತೊಡನೆ ನಿಲ್ಲುವಂತೆ ಅದರ ಆರಂಭದಲ್ಲಿ ಸೆಟ್ -ಇ ಬರೆದು, ಶೆಲ್‌ಚೆಕ್‌ನಿಂದ ಪರೀಕ್ಷಿಸಿ.

ಯಂತ್ರಕ್ಕೆ ಅರ್ಥವಾಗದ ಸಂಗತಿ ಒಂದೇ: ಕಾರಣ. ಒಂದು ಸಾಲು ಏನು ಮಾಡುತ್ತದೆ ಎಂದು ಪಕ್ಕದಲ್ಲಿ ಟಿಪ್ಪಣಿ ಬರೆಯಬೇಡಿ, ಅದು ಸಾಲಿನಲ್ಲೇ ಇದೆ. ಯಾವ ತೊಂದರೆಗಾಗಿ ಬರೆದದ್ದು, ಯಾವ ಸಂದರ್ಭದಲ್ಲಿ ಅದನ್ನು ತೆಗೆಯಬಹುದು, ಈ ಎರಡನ್ನು ಬರೆಯಿರಿ. ಎರಡನೆಯದನ್ನು ಬರೆಯುವವರು ಬಹಳ ಕಡಿಮೆ, ಆದರೆ ನಿಮ್ಮಂತೆ ಮುಂದೆ ಬರುವವರಿಗೆ ಬೇಕಾದದ್ದು ಅದೇ. ಮೂಲ ಕೋಡಿಗೆ ಹಾಕುವ ಪ್ರತಿ ಪ್ಯಾಚಿನ (ತಿದ್ದುಪಡಿಯ ಕಡತದ) ತಲೆಯಲ್ಲೂ ವಿವರಣೆ, ಅದು ಬಂದ ಮೂಲ, ಮೂಲ ಲೇಖಕರಿಗೆ ಕಳಿಸಲಾಗಿದೆಯೇ ಇಲ್ಲವೇ ಎಂಬುದನ್ನು ಬರೆಯಲು ಡೆಪ್-3 ಎಂಬ ಒಪ್ಪಿತ ಮಾದರಿ ಇದೆ. ಅದನ್ನು ಬಿಡದೆ ಅನುಸರಿಸಿ. ಬದಲಾವಣೆಗಳನ್ನು ದಾಖಲಿಸುವ ಚೇಂಜ್‌ಲಾಗ್‌ನಲ್ಲಿ ಹೊಸ ಆವೃತ್ತಿ ಎಂದಷ್ಟೇ ಬರೆದು ಮುಗಿಸಬೇಡಿ. ಬಿಚ್ಚಿದ ಕೂಡಲೇ ತಿದ್ದಲು ಸಿದ್ಧವಾಗಿರದ ಸೋರ್ಸ್ ಇದ್ದರೆ, ಅದನ್ನು ಹೇಗೆ ಸಿದ್ಧಪಡಿಸಬೇಕೆಂದು ಡೆಬಿಯನ್ ಫೋಲ್ಡರಿನೊಳಗೇ ರೀಡ್‌ಮಿ-ಸೋರ್ಸ್ ಎಂಬ ಕಡತದಲ್ಲಿ ಬರೆಯುವ ಪದ್ಧತಿ ಇದೆ. ಇವೆಲ್ಲವೂ ಕೋಡಿನ ಜೊತೆಗೇ ಗಿಟ್‌ನಲ್ಲಿ (ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಾಧನದಲ್ಲಿ) ಇರುವುದರಿಂದ, ಸಾಲನ್ನು ತಿದ್ದುವವರ ಕಣ್ಣ ಮುಂದೆಯೇ ಅದರ ಕಾರಣವೂ ಇರುತ್ತದೆ.

ಆಪ್ಟಿಮೈಸೇಶನ್ ಸಾಲಿನ ಬಗ್ಗೆ: ಗಿಟ್ ಬ್ಲೇಮ್‌ನಿಂದ ಆ ಸಾಲು ಯಾವ ಕಮಿಟ್‌ನಲ್ಲಿ (ದಾಖಲಾದ ಬದಲಾವಣೆಯಲ್ಲಿ) ಬಂತೆಂದು ನೋಡಿ, ಅದೇ ಕಮಿಟ್‌ನಲ್ಲಿ ಬೇರೆ ಏನೇನು ಬದಲಾಗಿದೆ ಎಂದೂ ನೋಡಿ. ಸಾಧ್ಯವಿದ್ದರೆ ಹಿಂದಿನವರಿಗೆ ಒಂದು ಪತ್ರ ಬರೆಯಿರಿ. ಕಾರಣ ತಿಳಿಯುವವರೆಗೆ ಅದನ್ನು ತೆಗೆಯಬೇಡಿ.

ಉತ್ತರ: ಪ್ರೌಢಶಾಲಾ ಶಿಕ್ಷಕ, ವಿರಾಜಪೇಟೆ

ಮೇಡಂ ಅವರು ಹೇಳಿದ್ದು ಕಟ್ಟುವವರ ದಾಖಲೆಯ ವಿಷಯವಾಯಿತು. ನಾನು ಬಳಸುವವರ ಕಡೆಯವನು, ಆದ್ದರಿಂದ ಇನ್ನೊಂದು ಬಗೆಯ ದಾಖಲೆಯ ಬಗ್ಗೆ ಹೇಳಬೇಕಾಗಿದೆ. ನಮ್ಮಂಥವರಿಗೆ ಪ್ಯಾಕೇಜು ಹೇಗೆ ಕಟ್ಟಿದರು ಎಂಬುದು ಬೇಕಿಲ್ಲ. ಪರದೆಯ ಮೇಲೆ ಒಂದು ಸಂದೇಶ ಬಂದು ಕೆಲಸ ನಿಂತಾಗ ಏನು ಮಾಡಬೇಕು ಎಂಬುದು ಬೇಕು.

ಎರಡು ಉದಾಹರಣೆ ಕೊಡುತ್ತೇನೆ. ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟು ಹೋದರೆ, ಮುಂದಿನ ಸಲ, ಪ್ಯಾಕೇಜುಗಳನ್ನು ಹಾಕುವ ಡಿಪಿಕೆಜಿ ಮಧ್ಯದಲ್ಲಿ ನಿಂತುಹೋಗಿದೆ ಎಂಬ ಸಂದೇಶ ಬರುತ್ತದೆ, ಹೊಸದೇನನ್ನೂ ಹಾಕಲು ಬಿಡುವುದಿಲ್ಲ. ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ ಎಂಬ ಆಜ್ಞೆ ಕೊಟ್ಟರೆ ಅರ್ಧಕ್ಕೆ ಉಳಿದ ಕೆಲಸವನ್ನು ಅದು ಪೂರೈಸುತ್ತದೆ. ಈ ಪರಿಹಾರವನ್ನು ಆ ಸಂದೇಶವೇ ಹೇಳುತ್ತದೆಯಾದರೂ, ಇಂಗ್ಲಿಷಿನ ಆ ಸಾಲನ್ನು ಕಂಡು ಕಂಪ್ಯೂಟರೇ ಕೆಟ್ಟಿತೆಂದು ಪಕ್ಕಕ್ಕಿಟ್ಟ ಶಾಲೆಗಳನ್ನು ನಾನು ನೋಡಿದ್ದೇನೆ. ಇನ್ನೊಂದು, ಹಳೆಯ ಕಂಪ್ಯೂಟರುಗಳಲ್ಲಿ ಮದರ್‌ಬೋರ್ಡಿನ ಬಟನ್ ಸೆಲ್ ಖಾಲಿಯಾಗಿ ಗಡಿಯಾರ ಹಿಂದಿನ ವರ್ಷಗಳಿಗೆ ಹೋಗುವುದು. ಆಗ ರೆಪೊಸಿಟರಿಯ ರಿಲೀಸ್ ಕಡತ ಇನ್ನೂ ಮಾನ್ಯವಾಗಿಲ್ಲ ಎಂದು, ಪ್ಯಾಕೇಜುಗಳನ್ನು ಇಳಿಸಿ ತರುವ ಆಪ್ಟ್ ಹೇಳುತ್ತದೆ, ಏಕೆಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಆ ಕಡತ ಹುಟ್ಟುವ ದಿನ ಇನ್ನೂ ಬಂದೇ ಇಲ್ಲ. ದೋಷ ರೆಪೊಸಿಟರಿಯದ್ದಲ್ಲ, ಅಂಗಡಿಯಲ್ಲಿ ಸಿಗುವ ಒಂದು ಸೆಲ್‌ನದು. ಬಳಕೆದಾರರ ಕೈಪಿಡಿಯಲ್ಲಿ ಪರಿವಿಡಿಯೇ ಇಂಥ ಸಂದೇಶಗಳ ಪಟ್ಟಿಯಾಗಿರಲಿ. ಸಂದೇಶವನ್ನು ಪರದೆಯಲ್ಲಿ ಇರುವ ಹಾಗೆಯೇ ಕೊಡಿ, ಅದರ ಕೆಳಗೆ ಕಾರಣವನ್ನೂ ಪರಿಹಾರವನ್ನೂ ಕನ್ನಡದಲ್ಲಿ ಕೊಡಿ.

ಕನ್ನಡದ ಕೈಪಿಡಿ ಹಳತಾಗುವುದನ್ನು ತಡೆಯಲು ಪಿಒ4ಎ ಎಂಬ ಸಾಧನ ನಮಗೆ ಉಪಯೋಗವಾಗಿದೆ. ಅದು ಇಂಗ್ಲಿಷ್ ಮ್ಯಾನ್ ಪುಟವನ್ನು (ಆಜ್ಞೆಯ ಕೈಪಿಡಿ ಪುಟವನ್ನು) ಪ್ಯಾರಾಗಳಾಗಿ ಬಿಡಿಸಿ ಪಿಒ ಕಡತ ಮಾಡಿಕೊಡುತ್ತದೆ, ನಾವು ಅದರಲ್ಲಿ ಅನುವಾದ ತುಂಬುತ್ತೇವೆ. ಮೂಲದ ಪ್ಯಾರಾ ಬದಲಾದರೆ ಆ ಅನುವಾದಕ್ಕೆ ಫಜ್ಜಿ ಎಂಬ ಗುರುತು ಬೀಳುತ್ತದೆ, ಮತ್ತೆ ನೋಡಿ ಒಪ್ಪುವವರೆಗೆ ಅದನ್ನು ಬಳಸುವುದಿಲ್ಲ. ಒಟ್ಟು ಅನುವಾದ ಶೇಕಡಾ 80ಕ್ಕಿಂತ ಕೆಳಗಿಳಿದರೆ, ನಾವು ಬೇರೆ ಮಿತಿಯನ್ನು ಕೊಡದಿದ್ದಲ್ಲಿ, ಕನ್ನಡ ಪುಟವನ್ನೇ ಅದು ಹೊರತರುವುದಿಲ್ಲ. ಮೊದಲು ನನಗೆ ಇದು ಕಠಿಣವೆನಿಸಿತ್ತು. ಈಗ ಸರಿ ಎನಿಸುತ್ತದೆ: ಹಳೆಯ ಆಜ್ಞೆಯನ್ನು ಕನ್ನಡದಲ್ಲಿ ಓದಿ ಕಡತ ಕಳೆದುಕೊಳ್ಳುವ ಬದಲು ಸರಿಯಾದ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಓದಿ ಅರ್ಥಮಾಡಿಕೊಳ್ಳುವುದು ಮಕ್ಕಳಿಗೂ ಒಳ್ಳೆಯದು.

ಉತ್ತರ: ಸಿಸ್ಟಂ ನಿರ್ವಾಹಕ, ಕುಶಾಲನಗರ

ಮಡಿಕೇರಿಯ ಮೇಡಂ ಹೇಳಿದ್ದರಲ್ಲಿ ಹೆಚ್ಚಿನದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಆದರೆ ಯಂತ್ರ ಓದುವ ಕಡತಕ್ಕೆ ಸಾಗಿಸಲು ಆಗದ್ದು ಕಾರಣ ಒಂದೇ ಎಂಬ ಮಾತನ್ನು ಒಪ್ಪಲಾರೆ. ರೆಪೊಸಿಟರಿ ನಮ್ಮದೇ ಎಂದು ತೋರಿಸಲು ಅದಕ್ಕೆ ಡಿಜಿಟಲ್ ಸಹಿ ಹಾಕುವ ಜಿಪಿಜಿ ಕೀ ಯಾರ ಬಳಿ ಇದೆ, ಅದರ ಪ್ರತಿ ಎಲ್ಲಿದೆ, ಅದರ ಅವಧಿ ಎಂದು ಮುಗಿಯುತ್ತದೆ, ಮುಗಿಯುವ ಎಷ್ಟು ದಿನ ಮೊದಲು ಹೊಸ ಕೀ ಇರುವ ಪ್ಯಾಕೇಜನ್ನು ಶಾಲೆಗಳಿಗೆ ತಲುಪಿಸಬೇಕು, ಇವುಗಳನ್ನು ಯಾವ ರೂಲ್ಸ್ ಕಡತವೂ ಹೇಳುವುದಿಲ್ಲ. ಕೀ ಅವಧಿ ಮೀರಿದ ದಿನ ಎಲ್ಲ ಶಾಲೆಗಳಲ್ಲಿಯೂ ಒಟ್ಟಿಗೆ ಅಪ್‌ಡೇಟ್ ನಿಲ್ಲುತ್ತದೆ. ಆದ್ದರಿಂದ ವಿಕಿ ಪುಟವನ್ನು ಪೂರ್ತಿ ಅಳಿಸಬೇಡಿ. ಮನುಷ್ಯರ ಹೊಣೆಗಳಿಗೆ ಸಂಬಂಧಿಸಿದ್ದನ್ನು ಅಲ್ಲಿ ಉಳಿಸಿಕೊಳ್ಳಿ, ಒಂದಕ್ಕಿಂತ ಹೆಚ್ಚು ಜನ ಅದನ್ನು ಓದಿರಲಿ.

ಸೋರ್ಸ್ ಕಡತಗಳ ವಿಷಯದಲ್ಲಿ ಎರಡು ಘಟನೆಗಳನ್ನು ನೆನಪಿಸುತ್ತೇನೆ, ಎರಡೂ ನಿಮ್ಮ ಸ್ಕ್ರಿಪ್ಟಿಗೆ ನೇರವಾಗಿ ಸಂಬಂಧಿಸಿದವು.

2023ರ ಜನವರಿ 30ರಂದು, ಕೋಡು ಇಡುವ ತಾಣವಾದ ಗಿಟ್‌ಹಬ್ ತನ್ನಲ್ಲಿ ತಾನಾಗಿ ತಯಾರಾಗುವ ಸೋರ್ಸ್ ಟಾರ್ ಕಡತಗಳನ್ನು (ಮೂಲ ಕೋಡನ್ನು ಒಂದಾಗಿ ಕಟ್ಟಿದ ಕಡತಗಳನ್ನು) ಕುಗ್ಗಿಸುವ ವಿಧಾನವನ್ನು ಬದಲಿಸಿತು. ಒಳಗಿನ ಕಡತಗಳು ಅವೇ ಆಗಿದ್ದರೂ ಕುಗ್ಗಿಸಿದ ಬೈಟುಗಳು ಬೇರೆಯಾದವು, ಹಾಗಾಗಿ ಚೆಕ್‌ಸಮ್ (ಬೈಟುಗಳಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆ) ಬದಲಾಯಿತು. ಚೆಕ್‌ಸಮ್ ಬರೆದಿಟ್ಟುಕೊಂಡು ಪರೀಕ್ಷಿಸುವ ಅನೇಕ ಪ್ಯಾಕೇಜು ವ್ಯವಸ್ಥೆಗಳಲ್ಲಿ ಕಟ್ಟುವ ಕೆಲಸ ನಿಂತಿತು. ಗಿಟ್‌ಹಬ್ ಅದನ್ನು ಬೇಗನೆ ಹಿಂದಕ್ಕೆ ತೆಗೆದುಕೊಂಡಿತು. ಇದರಿಂದ ಚೆಕ್‌ಸಮ್ ಬೇಡವೆಂದು ತಿಳಿಯಬಾರದು. ನೀವು ಒಮ್ಮೆ ಪರೀಕ್ಷಿಸಿ ಒಪ್ಪಿದ ಟಾರ್ ಕಡತವನ್ನು ನಿಮ್ಮಲ್ಲೇ ಜೋಪಾನವಾಗಿ ಇಟ್ಟುಕೊಳ್ಳಬೇಕು, ಪ್ರತಿ ಸಲ ಹೊರಗಿನಿಂದ ತರಬಾರದು ಎಂಬುದು ಇದರ ತಾತ್ಪರ್ಯ.

ಎರಡನೆಯದು ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಲೈಬ್ರರಿಯ ಪ್ರಕರಣ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್, ಎಸ್‌ಎಸ್‌ಎಚ್ ಲಾಗಿನ್ (ದೂರದ ಕಂಪ್ಯೂಟರಿಗೆ ಪ್ರವೇಶ) ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದರ ಬೆನ್ನು ಹತ್ತಿ, ಆ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಟ್ಟಾಗಿ ಒಳನುಗ್ಗಲು ಬಿಡುವ ಹಿಂಬಾಗಿಲು ಇರುವುದನ್ನು ಬಹಿರಂಗಪಡಿಸಿದರು. ನಾವು ಗಮನಿಸಬೇಕಾದದ್ದು ಅದು ಅಡಗಿದ್ದ ಜಾಗ. ವಿಷದ ತುಣುಕುಗಳು ಪರೀಕ್ಷೆಗೆಂದು ಇಟ್ಟ ಬೈನರಿ ಕಡತಗಳಲ್ಲಿ ಇದ್ದವು. ಅವನ್ನು ಹೊರತೆಗೆದು ಸೇರಿಸುವ ಸಾಲು ಬಿಲ್ಡ್‌ಗೆ ಸಂಬಂಧಿಸಿದ ಒಂದು ಎಂ4 ಕಡತದಲ್ಲಿ ಇತ್ತು. ಆ ಸಾಲು ಬಿಡುಗಡೆಯ ಟಾರ್ ಕಡತದಲ್ಲಿ ಮಾತ್ರ ಇದ್ದು ಗಿಟ್‌ನಲ್ಲಿ ಇರಲಿಲ್ಲ. ಅಲ್ಲದೆ ಡೆಬ್ ಅಥವಾ ಆರ್‌ಪಿಎಂ ಪ್ಯಾಕೇಜು ಕಟ್ಟುವಾಗಲೇ ಅದು ಎಚ್ಚರಗೊಳ್ಳುತ್ತಿತ್ತು. ಬಿಲ್ಡ್ ಸ್ಕ್ರಿಪ್ಟುಗಳನ್ನು ಯಾರೂ ಗಮನವಿಟ್ಟು ಓದುವುದಿಲ್ಲ ಎಂಬ ಲೆಕ್ಕಾಚಾರದ ಮೇಲೆ ನಿಂತ ಕೃತ್ಯವದು. ನಾವು ಸಣ್ಣವರು, ನಮ್ಮನ್ನು ಯಾರು ಗುರಿಯಾಗಿಸುತ್ತಾರೆ ಎನ್ನಬೇಡಿ. ಮಕ್ಕಳು ಬಳಸುವ ಕಂಪ್ಯೂಟರುಗಳಿಗೆ ರೂಟ್ ಅಧಿಕಾರದಲ್ಲಿ (ಪೂರ್ಣ ಅಧಿಕಾರದಲ್ಲಿ) ಕಡತ ಹಾಕುತ್ತಿದ್ದೇವೆ. ಹೊಸ ಆವೃತ್ತಿ ಬಂದಾಗ ಹಿಂದಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು, ಅದರಲ್ಲೂ ಕಾನ್ಫಿಗರ್ ಮತ್ತು ಮೇಕ್ ಕಡತಗಳ ವ್ಯತ್ಯಾಸವನ್ನು, ಒಬ್ಬರಾದರೂ ಓದಬೇಕು.

ಆಪ್ಟಿಮೈಸೇಶನ್ ಸಾಲಿನ ಬಗ್ಗೆಯೂ ಒಂದು ಮಾತು. ಮಟ್ಟ ಸೊನ್ನೆಯಲ್ಲಿದ್ದರೆ ನಿಧಾನವಾಗುವುದಷ್ಟೇ ಅಲ್ಲ, ಮೆಮೊರಿ ಮಿತಿ ಮೀರುವುದನ್ನು ತಡೆಯುವ ಫೋರ್ಟಿಫೈ ಸೋರ್ಸ್ ಎಂಬ ರಕ್ಷಣೆಯೂ ಕೆಲಸ ಮಾಡುವುದಿಲ್ಲ, ಏಕೆಂದರೆ ಅದಕ್ಕೆ ಆಪ್ಟಿಮೈಸೇಶನ್ ಇರಲೇಬೇಕು. ಆದ್ದರಿಂದ ಕಾರಣವನ್ನು ಬೇಗ ಹುಡುಕಿ.

ಪ್ರಶ್ನೆ ಕೇಳಿದವರಿಂದ: ನಾಪೋಕ್ಲು ಬಳಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿಂದಿನ ನಿರ್ವಾಹಕರಿಗೆ ಬರೆದಿದ್ದೆವು, ಕೂಡಲೇ ಉತ್ತರಿಸಿದರು. ಆಗ ಶಾಲೆಗಳಲ್ಲಿ 32-ಬಿಟ್ ಕಂಪ್ಯೂಟರುಗಳಿದ್ದವಂತೆ. ಎರಡು ವರ್ಷಗಳ ಒಟ್ಟು ಮಳೆ ಒಂದೇ ಆಗಿದ್ದರೂ ಪ್ರೋಗ್ರಾಂ ಅವುಗಳನ್ನು ಸಮ ಎಂದು ಒಪ್ಪುತ್ತಿರಲಿಲ್ಲ, ಪರೀಕ್ಷೆ ಸೋಲುತ್ತಿತ್ತು. ಆಪ್ಟಿಮೈಸೇಶನ್ ತೆಗೆದಾಗ ಸರಿಯಾಯಿತು, ಹಾಗೆಯೇ ಬಿಟ್ಟೆವು ಎಂದಿದ್ದಾರೆ. ಈಗ ನಮ್ಮಲ್ಲಿ ಇರುವುದೆಲ್ಲ 64-ಬಿಟ್. ಹಾಗಾದರೆ ಆ ಸಾಲನ್ನು ತೆಗೆಯಬಹುದೇ?

ಜೊತೆಗೆ, ಮೇಡಂ ಹೇಳಿದಂತೆ ಡೆಬಿಯನ್ 13ರ ಪಿಬಿಲ್ಡರ್ ವ್ಯವಸ್ಥೆಯಲ್ಲಿ ಕಟ್ಟಲು ಪ್ರಯತ್ನಿಸಿದೆವು. ಸಿ ಭಾಗದಲ್ಲಿ, ಘೋಷಿಸದೆ ಫಂಕ್ಷನ್ ಬಳಸಲಾಗಿದೆ ಎಂದು ಕಂಪೈಲರ್ ನಿಲ್ಲಿಸುತ್ತದೆ. 12ರಲ್ಲಿ ಇದೇ ಕೋಡು ಎಚ್ಚರಿಕೆಯನ್ನಷ್ಟೇ ಕೊಟ್ಟು ಮುಂದೆ ಹೋಗುತ್ತಿತ್ತು. ಪೈಥಾನ್ ಭಾಗದಲ್ಲಿ, ಅದನ್ನು ಕಟ್ಟಿ ಇನ್‌ಸ್ಟಾಲ್ ಮಾಡಲು ಬಳಸುವ ಡಿಸ್ಟ್‌ಯುಟಿಲ್ಸ್ ಸಿಗುತ್ತಿಲ್ಲ ಎನ್ನುತ್ತದೆ. ಎಚ್ಚರಿಕೆಯಾಗಿಯೇ ಉಳಿಯುವಂತೆ ಮಾಡುವ ಆಯ್ಕೆಯೊಂದು ಕಂಪೈಲರಿನಲ್ಲಿ ಇದೆಯೆಂದು ಓದಿದೆ. ಅದನ್ನು ಬಳಸುವುದು ಸರಿಯೇ?

ಉತ್ತರ: ಪ್ಯಾಕೇಜು ನಿರ್ವಾಹಕಿ, ಮಡಿಕೇರಿ

ಕಾರಣ ಸಿಕ್ಕಿದ್ದು ಬಹಳ ಸಂತೋಷ. ಅದು ಪ್ರೊಸೆಸರಿನಲ್ಲಿ ದಶಮಾಂಶ ಲೆಕ್ಕ ಮಾಡುವ ಎಕ್ಸ್87 ಎಂಬ ಘಟಕದ ಹಳೆಯ ಸಮಸ್ಯೆಯಂತೆ ಕಾಣುತ್ತದೆ. 32-ಬಿಟ್ ಇಂಟೆಲ್‌ನಲ್ಲಿ ಜಿಸಿಸಿ ಕಂಪೈಲರ್ ದಶಮಾಂಶ ಲೆಕ್ಕಗಳನ್ನು ಆ ಘಟಕದ 80-ಬಿಟ್ ರಿಜಿಸ್ಟರುಗಳಲ್ಲಿ (ಪ್ರೊಸೆಸರಿನ ಒಳಗಿನ ಪುಟ್ಟ ಜಾಗಗಳಲ್ಲಿ) ಮಾಡುತ್ತಿತ್ತು, ಮೆಮೊರಿಗೆ ಬರೆಯುವಾಗ 64-ಬಿಟ್‌ಗೆ ಕತ್ತರಿಸುತ್ತಿತ್ತು. ಆಪ್ಟಿಮೈಸೇಶನ್ ಇದ್ದಾಗ ಒಂದು ಮೊತ್ತ ರಿಜಿಸ್ಟರಿನಲ್ಲೇ ಉಳಿದು ಇನ್ನೊಂದು ಮೆಮೊರಿಯಿಂದ ಬಂದರೆ, ಕೊನೆಯ ಬಿಟ್‌ಗಳು ಬೇರೆಯಾಗಿ ಹೋಲಿಕೆ ಸೋಲುತ್ತದೆ. 64-ಬಿಟ್‌ನಲ್ಲಿ ಈ ಲೆಕ್ಕಕ್ಕೆ ಎಸ್‌ಎಸ್‌ಇ2 ಎಂಬ ಬೇರೆ ಸೂಚನೆಗಳ ಗುಂಪನ್ನು ಬಳಸುವುದರಿಂದ ಆ ತೊಂದರೆ ಬರುವುದಿಲ್ಲ. ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗೆ ಇನ್‌ಸ್ಟಾಲರೂ ಕರ್ನೆಲ್ಲೂ ಇಲ್ಲವಾದ್ದರಿಂದ ಆ ಸಾಲು ಇನ್ನು ಬೇಕಿಲ್ಲ, ತೆಗೆಯಿರಿ.

ಆದರೆ ಮೂಲ ದೋಷ ಇನ್ನೂ ಅಲ್ಲೇ ಇದೆ. 0.1ರಂಥ ಸಂಖ್ಯೆ ಬೈನರಿಯಲ್ಲಿ ನಿಖರವಾಗಿ ಕೂರುವುದಿಲ್ಲ. ಇಂಚುಗಳನ್ನು ದಶಮಾಂಶವಾಗಿ ಕೂಡಿಸಿದರೆ ಕೂಡಿಸುವ ಕ್ರಮ ಬದಲಾದಾಗಲೂ ಮೊತ್ತ ತುಸು ಬೇರೆಯಾಗಬಹುದು. ನಮ್ಮ ತೋಟಗಳ ಮಳೆ ಪುಸ್ತಕದಲ್ಲಿ ಹಿರಿಯರು ಬರೆಯುವ ಹಾಗೆ ಸೆಂಟುಗಳಲ್ಲೇ, ಅಂದರೆ ಪೂರ್ಣಾಂಕವಾಗಿ, ಲೆಕ್ಕ ಇಟ್ಟು ತೋರಿಸುವಾಗ ಮಾತ್ರ ಇಂಚಾಗಿ ಬಿಡಿಸಿ. ಇದನ್ನು ಪ್ಯಾಚಾಗಿ ಮಾಡಿ, ಹಿಂದಿನವರ ಪತ್ರದ ಸಾರವನ್ನು ಅದರ ತಲೆಯಲ್ಲಿ ಬರೆಯಿರಿ, ಆ ಹಳೆಯ ಪರೀಕ್ಷೆಯನ್ನು ಖಂಡಿತ ಉಳಿಸಿಕೊಳ್ಳಿ.

ಎರಡನೆಯ ಪ್ರಶ್ನೆಗೆ: ಡೆಬಿಯನ್ 13ರಲ್ಲಿ ಜಿಸಿಸಿ 14 ಇದೆ. ಘೋಷಣೆಯಿಲ್ಲದ ಫಂಕ್ಷನ್ ಬಳಕೆಯನ್ನು ಅದು ದೋಷವೆಂದೇ ಪರಿಗಣಿಸುತ್ತದೆ. ನೀವು ಓದಿದ ಆಯ್ಕೆ ಇದೆ, ಬಳಸಬೇಡಿ. ಘೋಷಣೆ ಇಲ್ಲದಿದ್ದಾಗ ಕಂಪೈಲರ್ ಆ ಫಂಕ್ಷನ್ ಇಂಟ್ (ಪೂರ್ಣಾಂಕ) ಕೊಡುತ್ತದೆಂದು ಭಾವಿಸುತ್ತದೆ; ನಿಜಕ್ಕೂ ಅದು ಪಾಯಿಂಟರ್ (ಮೆಮೊರಿಯ ವಿಳಾಸ) ಕೊಡುವುದಾದರೆ 64-ಬಿಟ್ ವಿಳಾಸದ ಅರ್ಧ ಕತ್ತರಿಸಿಹೋಗಿ ಪ್ರೋಗ್ರಾಂ ಎಲ್ಲೋ ಕುಸಿಯುತ್ತದೆ. ಹೆಚ್ಚಿನ ಕಡೆ ಪರಿಹಾರ ಆ ಘೋಷಣೆಯನ್ನು ಒಳತರುವ ಒಂದು ಇನ್‌ಕ್ಲೂಡ್ ಸಾಲು ಮಾತ್ರ, ಅದನ್ನು ಪ್ಯಾಚಾಗಿ ಸೇರಿಸಿ. ಡಿಸ್ಟ್‌ಯುಟಿಲ್ಸ್ ಪೈಥಾನ್ 3.12ರಲ್ಲೇ ಹೊರಹೋಗಿದೆ, ಸೆಟಪ್ ಕಡತವನ್ನು ಸೆಟಪ್‌ಟೂಲ್ಸ್‌ಗೆ ಬದಲಿಸಿ, ಬಿಲ್ಡ್-ಡಿಪೆಂಡ್ಸ್‌ನಲ್ಲಿ ಅದನ್ನು ಸೇರಿಸಿ.

ಕುಶಾಲನಗರದವರು ಕೀ ಬಗ್ಗೆ ಹೇಳಿದ್ದು ನಾನು ಬಿಟ್ಟಿದ್ದ ಭಾಗವನ್ನು ತುಂಬಿದೆ, ಅವರ ಮಾತಿನಂತೆ ನಡೆಯಿರಿ. ರೂಲ್ಸ್ ಕಡತ ಸಿದ್ಧವಾದ ಮೇಲೆ ಕಟ್ಟಿದ ಪ್ಯಾಕೇಜಿನ ಮೇಲೆ, ಪ್ಯಾಕೇಜಿನ ತಪ್ಪುಗಳನ್ನು ಹುಡುಕುವ ಲಿಂಟಿಯನ್ ಓಡಿಸಿ, ಅದು ಕೊಡುವ ದೂರುಗಳನ್ನು ಇಲ್ಲಿ ಹಾಕಿ. ಯಾವುದನ್ನು ಮೊದಲು ತಿದ್ದಬೇಕೆಂದು ಒಟ್ಟಿಗೆ ನೋಡೋಣ.